ಮೊದಲು ತನ್ನನ್ನೇ ಅಳೆದುಕೊಂಡ ಮೀಟರ್

ವಾರಿಜಮ್ಮನ ಕೇಕ್ ಮೂರನೇ ಸಲವೂ ಸೀದಾಗ ಓವನ್ ಸಿಡುಕಿತು: "ಕಾವನ್ನು ಕಡಿಮೆ ಹೇಳಿ ನನ್ನ ಮರ್ಯಾದೆ ಕಳೆಯಿತು ಈ ಸೆನ್ಸರ್. ಕಿತ್ತೆಸೆಯಿರಿ!"

"ಇದ್ದಷ್ಟನ್ನೇ ಹೇಳಿದ್ದೇನೆ," ಎಂದಿತು ಸೆನ್ಸರ್.

ರಿಪೇರಿಗೆ ಬಂದ ಲಿಯಾಕತ್ ಪ್ಲಗ್ ಕಿತ್ತು, ಚೀಲದಿಂದ ವೈರು, ಬಿಡಿಭಾಗಗಳನ್ನು ಪರೀಕ್ಷಿಸುವ ಮೀಟರ್ ತೆಗೆದ. ಮೀಟರ್ ಮೊದಲು ಅಳೆಯುವ ತನ್ನೆರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿ, ಸೊನ್ನೆ ಬಂತೇ ಎಂದು ನೋಡಿಕೊಂಡಿತು.

ಓವನ್ ನಕ್ಕಿತು: "ಕೆಟ್ಟಿರುವುದು ಅದು, ನೀನಲ್ಲ!"

"ನಾನು ಸರಿಯಿದ್ದೇನೆಂದು ತಿಳಿಯದೆ ಇನ್ನೊಬ್ಬರ ತಪ್ಪು ಹೇಳಲಾರೆ," ಎಂದಿತು ಮೀಟರ್.

ಅಳೆದರೆ ಸೆನ್ಸರ್ ಸರಿಯಾಗಿಯೇ ಇತ್ತು. ಅದರ ಮಾತನ್ನು ಓವನ್‌ಗೆ ಮುಟ್ಟಿಸುವ ವೈರಿನ ತುದಿ ಓವನ್ನಿನ ಕಡೆಯೇ ಸಡಿಲವಾಗಿತ್ತು.

"ಅದು ನಿಜವನ್ನೇ ಹೇಳಿದೆ. ನಿನಗೇ ಕೇಳಿಸಿಲ್ಲ," ಎಂದಿತು ಮೀಟರ್.

ಲಿಯಾಕತ್ ತುದಿಯನ್ನು ಒತ್ತಿ ಕೂರಿಸಿದ. ಚೀಲ ಸೇರುವ ಮುನ್ನ ಮೀಟರ್ ಮತ್ತೆ ತನ್ನ ಕಡ್ಡಿಗಳನ್ನು ತಾಗಿಸಿ ನೋಡಿಕೊಂಡಿತು. ಈ ಸಲ ಓವನ್ ನಗಲಿಲ್ಲ.