ನೀಲಾಂಬಿಕೆಯ ಮೊದಲ ವಿಮಾನ

ವಿರೂಪಾಕ್ಷಯ್ಯನವರು ಹೊಳೆದಂಡೆಯ ಬಯಲಿನಲ್ಲಿ ರಿಮೋಟ್ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಒಂದು ಬೆಳಿಗ್ಗೆ ಅವರ ಬಳಿಗೆ ನೀಲಾಂಬಿಕೆ ಬಂದಳು. ಹಳೆಯ ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದ ಕೆಂಪು ವಿಮಾನವನ್ನು ಬಿಚ್ಚಿ ತೋರಿಸಿದಳು.

"ಗುರುಗಳೇ, ಇದು ನಮ್ಮ ಯಜಮಾನರು ಎಂಟು ತಿಂಗಳು ಕೂತು ಮಾಡಿದ್ದು. ಹಾರಿಸೋಕೆ ಅವರೇ ಉಳೀಲಿಲ್ಲ. ನನ್ನ ಕೈಯಿಂದ ಒಂದೇ ಒಂದು ಸಲ ಇದು ಹಾರಬೇಕು. ಕಲಿಸಿಕೊಡಿ."

ಅವಳ ಗಂಡನೂ ಇದೇ ಬಯಲಿನಲ್ಲಿ ಕಲಿತವನು. ಗುರುಗಳು ವಿಮಾನವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಚೆಂದ ಮಾಡಿದಾನೆ. ಆದರೆ ಇದು ಬಲು ಚುರುಕು, ಕಲಿಯೋರಿಗಲ್ಲ."

ಗುಡಿಸಲಿನಿಂದ ಬೇರೊಂದನ್ನು ತಂದರು. ದಪ್ಪ ಥರ್ಮೊಕೋಲ್ ಮೈ, ಬೆನ್ನ ಮೇಲೆ ಅಗಲವಾದ ರೆಕ್ಕೆ, ಎಲ್ಲೆಲ್ಲೂ ತೇಪೆ, ತೇಪೆಗಳ ಮೇಲೆ ವರ್ಷಗಳ ಧೂಳು.

ನೀಲಾಂಬಿಕೆಯ ಮುಖ ಸಣ್ಣದಾಯಿತು. "ಇದಾ?"

ಗುರುಗಳು ಅದನ್ನು ಮೇಲೇರಿಸಿದರು. ಒಂದು ಕಡೆಗೆ ಪೂರ್ತಿ ವಾಲಿಸಿ, ರಿಮೋಟಿನಿಂದ ಬೆರಳು ತೆಗೆದುಬಿಟ್ಟರು. ವಿಮಾನ ಒಮ್ಮೆ ಓಲಾಡಿ ತಾನೇ ನೆಟ್ಟಗಾಯಿತು.

"ನಿಧಾನ ಹೋಗುತ್ತೆ, ತಪ್ಪು ಮಾಡಿದರೆ ಸರಿಹೋಗುತ್ತೆ, ಬಿದ್ದರೆ ಅಂಟಿಸಬಹುದು. ಮೊದಲ ವಿಮಾನಕ್ಕೆ ಇನ್ನೇನು ಬೇಕು?"

"ನಮ್ಮ ಯಜಮಾನರು ಮೊದಲ ದಿನವೇ ಹಾರಿಸಿದ್ರಂತೆ. ಒಂದು ಸಲವೂ ಬೀಳಿಸಲಿಲ್ಲವಂತೆ."

ಗುರುಗಳು ಸುಮ್ಮನೆ ಕೆಮ್ಮಿದರು. ವಿಮಾನ ಇಳಿಸಿ, ರಿಮೋಟನ್ನು ಅವಳ ಕೈಗಿಟ್ಟರು.

ದೂರ ಹೋಗುವಾಗ ವಿಮಾನ ಅವಳ ಮಾತು ಕೇಳಿತು. ತಿರುಗಿ ಅವಳ ಕಡೆಗೇ ಬರುವಾಗ ಎಡ ಬಲಗಳು ಅದಲು ಬದಲಾದವು. ಎಲ್ಲ ಹೊಸಬರೂ ಮಾಡುವ ತಪ್ಪನ್ನೇ ಅವಳೂ ಮಾಡಿದಳು: ನೆಟ್ಟಗೆ ಮಾಡಲು ಹೋಗಿ, ವಾಲಿದ ಕಡೆಗೇ ಇನ್ನಷ್ಟು ವಾಲಿಸಿದಳು. ವಿಮಾನ ಮೂತಿ ಕೆಳಗಾಗಿ ನೆಲಕ್ಕೆ ಬಿತ್ತು, ರೆಕ್ಕೆ ಎರಡು ತುಂಡಾಯಿತು.

ನೀಲಾಂಬಿಕೆ ಕೆಂಪು ವಿಮಾನವನ್ನು ಮತ್ತೆ ಸೀರೆಯಲ್ಲಿ ಸುತ್ತತೊಡಗಿದಳು.

"ಅವರ ಕೈಗುಣ ನನಗಿಲ್ಲ ಗುರುಗಳೇ. ಇದನ್ನು ನಾನು ಮುಟ್ಟಬಾರದು. ಮನೆಗೆ ಹೋಗ್ತೀನಿ."

"ಹೋಗಿ. ಆದರೆ ಬೀಳಿಸಿದವರೇ ಅಂಟಿಸಿ, ತೇಪೆ ಮೇಲೆ ಹೆಸರು ಬರೀಬೇಕು. ಅದು ಇಲ್ಲಿನ ಪದ್ಧತಿ."

ಅವಳು ಒಲ್ಲದ ಮನಸ್ಸಿನಿಂದಲೇ ಕೂತು ಮುರಿದ ಕಡೆ ಅಂಟು ಹಚ್ಚಿ ತೇಪೆ ಹಾಕಿದಳು. ಹೆಸರು ಬರೆಯಲೆಂದು ಸೆರಗಿನಿಂದ ರೆಕ್ಕೆಯ ಧೂಳು ಒರೆಸಿದಳು. ಹಳೆಯ ತೇಪೆಗಳ ಮೇಲಿನ ಹೆಸರುಗಳು ಒಂದೊಂದಾಗಿ ಕಂಡವು. ವಾಲಿದ ಅಕ್ಷರಗಳ ಒಂದು ಹೆಸರು ನಾಲ್ಕು ಕಡೆ ಇತ್ತು.

ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳದಿದ್ದ ಆ ಹೆಸರನ್ನು ಅವಳು ಮೆಲ್ಲಗೆ ಓದಿದಳು. "ಮುರಿಗೆಪ್ಪ."

ಆಮೇಲೆ ಕೇಳಿದಳು, "ನಾಲ್ಕು ಸಲಾನಾ?"

"ಹೊಟ್ಟೆ ಕೆಳಗೆ ಇನ್ನೂ ಮೂರಿವೆ."

"ಏಳು ಸಲ ಬೀಳಿಸಿ, ನನ್ನ ಹತ್ರ ಎಂಥ ಜಂಬ ಕೊಚ್ಚಿದ್ರು." ಅವಳು ನಗಲು ಹೋದಳು. ನಗುವಿನ ಮಧ್ಯೆಯೇ ಕಣ್ಣು ತುಂಬಿ ಬಂತು.

ಗುರುಗಳು ಅವಳ ಪಕ್ಕದಲ್ಲಿ ಕೂತರು.

"ಅಂಟು ಒಣಗೋಕೆ ಅರ್ಧ ಗಂಟೆ ಬೇಕು, ತಾಯಿ. ಅಲ್ಲೀವರೆಗೆ ಅತ್ತುಬಿಡಿ. ಆಮೇಲೆ ಹಾರಿಸೋಣ."