ಕಣ್ಣು ಕಟ್ಟಿಕೊಂಡ ಮಂತ್ರಿ ಮತ್ತು ಮೂರು ಕೆಮ್ಮು

ಕಿವಿ ಚೆನ್ನಾಗಿ ತೆರೆದಿಟ್ಟುಕೊಳ್ಳಿ ಮಕ್ಕಳೇ, ಇದು ಕಿವಿಯ ಕಥೆ.

ಮುಗಿಲಗಡ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದ ನಟ್ಟನಡುವೆ ಒಂದು ಆಲದ ಮರ. ಎಂಥಾ ಮರ ಅಂತೀರಿ! ಅದರ ನೆರಳಿನಲ್ಲಿ ರಾಜನ ಸೈನ್ಯವೆಲ್ಲ ಊಟಕ್ಕೆ ಕೂತರೂ ಇನ್ನೊಂದು ಸೈನ್ಯಕ್ಕೆ ಎಲೆ ಹಾಕುವಷ್ಟು ಜಾಗ ಉಳಿಯುತ್ತಿತ್ತು. ಎಂಥ ಮಾತಿನ ಮಲ್ಲನೇ ಬರಲಿ, ಅದರ ಕೆಳಗೆ ನಿಂತು ಒಮ್ಮೆ ತಲೆಯೆತ್ತಿದರೆ ಬಾಯಿ ಮುಚ್ಚಿಬಿಡುತ್ತಿದ್ದ. ಆ ಮರದ ಬಿಳಲು ಹಿಡಿದು ಆಡಿದ ಮಾತನ್ನು ಸ್ವತಃ ರಾಜನೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಆ ಮರದ ಕೊಂಬೆಗಳಿಗೆ ತಳವಿಲ್ಲದ ಬೆತ್ತದ ಬುಟ್ಟಿಗಳನ್ನು ಕಟ್ಟಿದ್ದರು. ರಾಜ್ಯದ ಒಂದೊಂದು ವಿದ್ಯಾಶಾಲೆಗೂ ಒಂದೊಂದು ಬುಟ್ಟಿ. ಆಲದ ಹಾಲು ಕಾಯಿಸಿ ಉಂಡೆ ಕಟ್ಟಿದ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡಿಬಂದು, ಎಗರಿ, ಬುಟ್ಟಿಯೊಳಗೆ ಹಾಕಬೇಕು. ನೀವು ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಅಂತ ಆಡ್ತೀರಲ್ಲ, ಅದೇ. ಕಬ್ಬಿಣದ ಬಳೆ ಎಲ್ಲ ಆಮೇಲೆ ಬಂತು.

ವರ್ಷಕ್ಕೊಮ್ಮೆ ಪಂದ್ಯಾವಳಿ. ಯಾವ ಯಾವ ಶಾಲೆಯ ತಂಡ ಆಡಬೇಕು ಅಂತ ಆರಿಸುವವನು ಮಂತ್ರಿ ಬೊಪ್ಪಯ್ಯ. ಅಲ್ಲೊಂದು ಕಟ್ಟಳೆ ಇತ್ತು, ಬಹಳ ಕಠಿಣವಾದದ್ದು. ಮೂರು ವರ್ಷ ಒಂದೇ ಸಮನೆ ಆಯ್ಕೆಯಾಗದ ಶಾಲೆಯ ಬುಟ್ಟಿಯನ್ನು ಮರದಿಂದ ಬಿಚ್ಚಿಬಿಡಬೇಕು. ಬಿಚ್ಚಿದ್ದನ್ನು ಮತ್ತೆ ಕಟ್ಟುವ ಹಾಗಿಲ್ಲ. ಆ ಶಾಲೆಯ ಮಕ್ಕಳು ಆಮೇಲೆ ಆ ಮರದ ಕೆಳಗೆ ಆಡುವ ಮಾತೇ ಇಲ್ಲ.

ಬೊಪ್ಪಯ್ಯ ಕೆಟ್ಟವನೇನಲ್ಲ. ರಾಜ್ಯದ ಕೆಲಸದಲ್ಲಿ ಗಟ್ಟಿಗ. ಅಕ್ಕನ ಮುಂದೆ ಮಾತ್ರ ಬೆಣ್ಣೆ. ಆ ಅಕ್ಕನ ಮಗ ಚೆಲುವರಾಯ ಪೇಟೆಶಾಲೆಯ ತಂಡದ ನಾಯಕ. ರೇಷ್ಮೆಯ ನಡುಪಟ್ಟಿ ಬಿಗಿದು ನಿಂತರೆ ನೋಡೋಕೆ ಚೆಂದವೋ ಚೆಂದ. ಚೆಂಡು ಕೈಗೆ ಬಂದರೆ ಮಾತ್ರ ಎಲ್ಲ ಅಯೋಮಯ.

ಮೊದಲನೇ ವರ್ಷ ಕೊನೆಯ ಒಂದೇ ಒಂದು ಜಾಗಕ್ಕೆ ಪೇಟೆಶಾಲೆ, ಗುಡ್ಡಶಾಲೆ ಎರಡೂ ನಿಂತವು. ಅಕ್ಕ ಬಂದಳು. "ತಮ್ಮಾ, ನಮ್ಮ ಹುಡುಗ ಆಸೆ ಪಟ್ಟಿದಾನೆ ಕಣೋ" ಅಂದಳು. ಬೊಪ್ಪಯ್ಯ ಪೇಟೆಶಾಲೆ ಅಂದ. ಎರಡನೇ ವರ್ಷವೂ ಅಕ್ಕ ಬಂದಳು, ಅದೇ ಮಾತು ಅಂದಳು. ಬೊಪ್ಪಯ್ಯ ಮತ್ತೆ ಪೇಟೆಶಾಲೆ ಅಂದ. ಗುಡ್ಡದ ಮಕ್ಕಳು ಎರಡು ಸಲವೂ ಬಂದ ದಾರಿ ಹಿಡಿದು ವಾಪಸು ಹೋದರು.

ಮೂರನೇ ವರ್ಷ ಬಂತು. ಹೊಸದಾಗಿ ಶುರುವಾದ ಹೊಳೆಶಾಲೆಯೂ ಆ ಜಾಗಕ್ಕೆ ಬಂದು ನಿಂತಿತು. ಗುಡ್ಡಶಾಲೆಗೆ ಇದೇ ಕೊನೆಯ ಸಲ. ಅವರ ನಾಯಕಿ ಈರಿ ಅನ್ನುವ ಹುಡುಗಿ. ಅವಳು ನೇರವಾಗಿ ರಾಜನ ತಾಯಿ ಹೊನ್ನಾಜಮ್ಮನ ಮುಂದೆ ಬಂದು ಕೈಮುಗಿದಳು. ರಾಜನೂ ಅಲ್ಲೇ ಇದ್ದ, ಬೊಪ್ಪಯ್ಯನೂ ಇದ್ದ.

"ಅಮ್ಮಾಜಿ, ನಮ್ಮನ್ನೇ ಆರಿಸಿ ಅಂತ ಕೇಳೋಕೆ ಬಂದಿಲ್ಲ. ನಮ್ಮ ಆಟ ಒಂದ್ಸಲ ನೋಡಿ ಅಂತ ಕೇಳೋಕೆ ಬಂದಿದೀನಿ. ಎರಡು ವರ್ಷದಿಂದ ಮಂತ್ರಿಗಳು ನಮ್ಮ ಮುಖ ನೋಡಿ ಕಳಿಸ್ತಾರೆ."

ಹೊನ್ನಾಜಮ್ಮ ಎಲೆ ಅಡಿಕೆ ಜಗಿಯುತ್ತಾ ಬೊಪ್ಪಯ್ಯನ ಕಡೆ ತಿರುಗಿದಳು.

"ಮುಖ ನೋಡೋದೇ ತೊಂದರೆ ಅಂದ್ರೆ ಮುಖ ಕಾಣದ ಹಾಗೆ ಮಾಡಿದ್ರಾಯ್ತು. ಬೊಪ್ಪಯ್ಯಾ, ಈ ಸಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತ್ಕೋ. ಬಿಳಲು ಹಿಡ್ಕೊಂಡು, ಬರೀ ಕಿವಿಯಲ್ಲೇ ಕೇಳಿ ಆರಿಸು. ಅಲ್ಲಿ ಯಾರೂ ಮಾತಾಡಬಾರದು, ಕೂಗಬಾರದು."

ಬೊಪ್ಪಯ್ಯ ತಲೆಯಾಡಿಸಿದ. ಒಳಗೊಳಗೇ ಬೆವರಿದ. ಮನೆಗೆ ಹೋದರೆ ಅಕ್ಕ ಆಗಲೇ ಬಂದು ಕೂತಿದ್ದಾಳೆ!

ಯೋಚನೆ ಮಾಡಿ ಮಾಡಿ ಅವನಿಗೊಂದು ಉಪಾಯ ಹೊಳೆಯಿತು. ಅಳಿಯನನ್ನು ಕರೆದು, "ಆಟ ಶುರುಮಾಡೋ ಮುಂಚೆ ಮೂರು ಸಲ ಕೆಮ್ಮು. ಮಿಕ್ಕಿದ್ದು ನನಗೆ ಬಿಡು" ಅಂದ.

ಚೆಲುವರಾಯ ಚೆಂಡು ಬಿಟ್ಟು ಕೆಮ್ಮನ್ನೇ ಅಭ್ಯಾಸ ಮಾಡಿದ. ಅಂಗಳದಲ್ಲಿ ಮೂರು ಸಲ, ಅರಮನೆಯ ಬಾಗಿಲಲ್ಲಿ ಮೂರು ಸಲ, ಮೆಟ್ಟಿಲ ಮೇಲೆ ಮೂರು ಸಲ. ಪಾಪ, ಹುಡುಗನಿಗೆ ಏನಾಯಿತೋ ಅಂತ ಹೊನ್ನಾಜಮ್ಮ ಕಾಳುಮೆಣಸಿನ ಕಷಾಯ ಕಳಿಸಿಕೊಟ್ಟಳಂತೆ. ಅದನ್ನು ಕೇಳಿ ಬೊಪ್ಪಯ್ಯ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕ.

ಆಯ್ಕೆಯ ದಿನ ಬಂತು. ಊರಿಗೆ ಊರೇ ಮರದ ಕೆಳಗೆ ಸೇರಿತ್ತು. ಬೊಪ್ಪಯ್ಯನ ಕಣ್ಣಿಗೆ ಬಟ್ಟೆ ಕಟ್ಟಿದರು, ಕೈಗೆ ಬಿಳಲು ಕೊಟ್ಟರು. ಅಷ್ಟು ಜನ ಇದ್ದೂ ಒಂದು ಪಿಸುಮಾತಿಲ್ಲ.

ಮೊದಲನೇ ತಂಡ ಬಂತು. ಕೆಮ್ಮಿತು. ಒಂದು, ಎರಡು, ಮೂರು. 'ಬಂದ ನಮ್ಮ ಹುಡುಗ!' ಬೊಪ್ಪಯ್ಯ ಹಾಯಾಗಿ ಕಾಲು ಚಾಚಿದ. ಆಟ ಪರವಾಗಿಲ್ಲ ಅನ್ನಿಸಿತು. ಅಳಿಯ ಕಲಿತುಬಿಟ್ಟನಲ್ಲಾ ಅಂತ ಹಿಗ್ಗಿದ.

ಎರಡನೇ ತಂಡ ಬಂತು. ಕೆಮ್ಮಿತು! ಒಂದು, ಎರಡು, ಮೂರು. ಬೊಪ್ಪಯ್ಯನ ಕಾಲು ತಾನಾಗಿ ಹಿಂದಕ್ಕೆ ಬಂತು. ಇದ್ಯಾರು? ಅದ್ಯಾರು? ಈ ತಂಡದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಚೆಂಡು ಮರಕ್ಕೆ ತಾಗಿತು, ಮನುಷ್ಯರಿಗೆ ತಾಗಿತು, ಬುಟ್ಟಿಗೆ ಮಾತ್ರ ತಾಗಲಿಲ್ಲ.

ಮೂರನೇ ತಂಡ ಬಂತು. ಅದೂ ಕೆಮ್ಮಿತು. ಒಂದು, ಎರಡು, ಮೂರು. ಈಗ ಬೊಪ್ಪಯ್ಯನಿಗೆ ನಿಜವಾಗಿಯೂ ಕಣ್ಣು ಕಟ್ಟಿತು. ಉಳಿದದ್ದು ಕಿವಿ ಒಂದೇ. ಬೇರೆ ದಾರಿಯಿಲ್ಲದೆ ಕೇಳಿಸಿಕೊಂಡ.

ದಬ್. ದಬ್. ದಬ್. ಚೆಂಡು ನೆಲ ಮುಟ್ಟುತ್ತಿತ್ತು. ಐದು ಜನರ ಬರಿಗಾಲು ಒಟ್ಟಿಗೇ ತಿರುಗಿದವು, ಒಟ್ಟಿಗೇ ನಿಂತವು. ಯಾರೂ ಯಾರನ್ನೂ ಕರೆಯಲಿಲ್ಲ, ಆದರೂ ಚೆಂಡು ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಹೋಗುವುದು ಅವನಿಗೆ ಕೇಳಿಸಿತು. ಆಮೇಲೆ ಎಲ್ಲ ನಿಶ್ಶಬ್ದ. ಚೆಂಡು ಮೇಲೆಲ್ಲೋ ಗಾಳಿಯಲ್ಲಿದೆ. ಅಷ್ಟು ದೊಡ್ಡ ಮರದ ಒಂದು ಎಲೆಯೂ ಅಲುಗಾಡಲಿಲ್ಲ.

ಸುಯ್!

ಬೆತ್ತಕ್ಕೆ ಸೋಕಿಯೂ ಸೋಕದ ಹಾಗೆ ಚೆಂಡು ಬುಟ್ಟಿಯೊಳಗಿಂದ ಇಳಿಯಿತು. ಬೊಪ್ಪಯ್ಯನ ಮೈ ಜುಮ್ಮೆಂದಿತು. ಮತ್ತೆ ದಬ್, ದಬ್. ಮತ್ತೆ ನಿಶ್ಶಬ್ದ. ಮತ್ತೆ ಸುಯ್! ದೇವರ ಮುಂದೆ ನಿಂತ ಹಾಗೆ ಅವನು ಎದ್ದು ನಿಂತುಬಿಟ್ಟ. ಅಕ್ಕ ಮರೆತುಹೋದಳು, ಅಳಿಯ ಮರೆತುಹೋದ, ತಾನು ಮಂತ್ರಿ ಅನ್ನುವುದೂ ಮರೆತುಹೋಯಿತು.

ರಾಜ ಕೇಳಿದ, "ಮೊದಲನೆಯದು ಹೇಗಿತ್ತು?"

"ಪರವಾಗಿಲ್ಲ ಪ್ರಭು. ಇನ್ನೂ ಹದವಾಗಬೇಕು."

"ಎರಡನೆಯದು?"

"ಎಮ್ಮೆಗಳು ಕೆರೆಗೆ ಇಳಿದ ಹಾಗಿತ್ತು."

"ಮೂರನೆಯದು?"

ಬೊಪ್ಪಯ್ಯ ಬಿಳಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಅವರೇ. ಯಾರ ಮಕ್ಕಳಾದರೂ ಆಗಲಿ, ಅವರೇ ಆಡಬೇಕು" ಅಂದ.

"ಮಾವಾ!" ಅಂತ ಚೆಲುವರಾಯ ಕಿರುಚಿದ. "ಎರಡನೆಯದು ನಾವು! ನೀವು ಹೇಳಿದ ಹಾಗೇ ಮೂರು ಸಲ ಕೆಮ್ಮಿದೆನಲ್ಲಾ!"

ಇಡೀ ಊರು ಬಿದ್ದು ಬಿದ್ದು ನಕ್ಕಿತು. ಬೊಪ್ಪಯ್ಯ ಬಟ್ಟೆ ಬಿಚ್ಚಿದ. ಎದುರಿಗೆ ಈರಿ ಚೆಂಡು ಹಿಡಿದು ನಿಂತಿದ್ದಳು.

ಹೊನ್ನಾಜಮ್ಮ ಹೇಳಿದಳು, "ಕಷಾಯ ಕುಡಿದ ಮೇಲೂ ಲೆಕ್ಕ ಇಟ್ಟು ಮೂರೇ ಸಲ ಕೆಮ್ಮೋನಿಗೆ ರೋಗ ಗಂಟಲಲ್ಲಿಲ್ಲ ಅಂತ ನನಗೆ ಗೊತ್ತಾಯ್ತು. ಅದಕ್ಕೇ ಮಿಕ್ಕ ತಂಡದವರೂ ಮೂರು ಸಲ ಕೆಮ್ಮಿ ಅಂತ ಹೇಳಿಕಳಿಸಿದೆ."

ರಾಜನ ಮುಖ ಕೆಂಪಾಯಿತು. ಬೊಪ್ಪಯ್ಯ ಅವನ ಕಾಲಿಗೆ ಬಿದ್ದ.

"ಶಿಕ್ಷೆ ಕೊಡಿ ಪ್ರಭು. ಎರಡು ವರ್ಷ ಈ ಮಕ್ಕಳು ನನ್ನ ಕಣ್ಣೆದುರಿಗೇ ಬಂದು ನಿಂತರು. ಇವರ ಆಟ ನಾನು ನೋಡಲೇ ಇಲ್ಲವಲ್ಲಾ!"

ಆರಿಸುವ ಅಧಿಕಾರ ಅವತ್ತಿಗೇ ಹೋಯಿತು. ಅಷ್ಟೇ ಅಲ್ಲ, ಪ್ರತಿ ವರ್ಷ ಗುಡ್ಡಶಾಲೆಯ ಬುಟ್ಟಿಗೆ ಹೊಸ ಹಗ್ಗ ಹಾಕಿ ಅವನೇ ಕಟ್ಟಬೇಕು ಅಂತ ಅಪ್ಪಣೆಯಾಯಿತು. ಊರೆಲ್ಲ ನೋಡುತ್ತಿದ್ದ ಹಾಗೆ ಆ ಡೊಳ್ಳುಹೊಟ್ಟೆ ಹೊತ್ತುಕೊಂಡು ಬೊಪ್ಪಯ್ಯ ಏಣಿ ಹತ್ತಿದ. ಕೆಳಗೆ ಈರಿ ಏಣಿ ಹಿಡಿದುಕೊಂಡಳು.

"ಭದ್ರವಾಗಿ ಕಟ್ಟಿ ಸ್ವಾಮಿ, ಇನ್ನೂ ಬಹಳ ವರ್ಷ ಆಡ್ತೀವಿ" ಅಂದಳು.

ಪಂದ್ಯಾವಳಿಯಲ್ಲಿ ಗುಡ್ಡಶಾಲೆ ಗೆದ್ದಿತಾ ಅಂತ ಕೇಳ್ತೀರಾ? ಇಲ್ಲ, ಕೊನೇ ಪಂದ್ಯದಲ್ಲಿ ಒಂದೇ ಒಂದು ಬುಟ್ಟಿಯಿಂದ ಸೋತರು. ಆದರೆ ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಆಡಿ ಸೋತಿದ್ದರು, ಅದಕ್ಕೆ.

ನೆನಪಿಟ್ಟುಕೊಳ್ಳಿ ಮಕ್ಕಳೇ. ನಾಳೆ ನೀವೂ ಎಲ್ಲೋ ಯಾರನ್ನೋ ಆರಿಸುವ ಜಾಗದಲ್ಲಿ ಕೂರುತ್ತೀರಿ. ಆಗ ಎದುರಿಗಿರುವವರು ಯಾರ ಮಕ್ಕಳು ಅಂತ ನೋಡಬೇಡಿ, ಹೇಗೆ ಆಡುತ್ತಾರೆ ಅಂತ ನೋಡಿ. ನಮ್ಮವರು ಅಂತ ಒಬ್ಬರನ್ನು ಒಳಗೆ ಬಿಟ್ಟರೆ, ಆಡಬೇಕಾದವರು ಆಚೆ ನಿಲ್ಲುತ್ತಾರೆ.