ಜಾಲಂದ್ರದಾಚೆಯಿಂದ ಕಂಡ ಮುಖ

"ಕೇಳಿರಯ್ಯಾ ಕೇಳಿ! ಬರುವ ಅಮಾವಾಸ್ಯೆಗೆ ತೀರಿಹೋದ ಯುವರಾಜರ ವರ್ಷಾಬ್ದಿಕ. ಅಂದು ತುಂಬಿದ ಸಭೆಯಲ್ಲಿ ಅವರ ಚಿತ್ರ ತೋರಿಸಬೇಕು. ದೊರೆಗಳ ಮೂರು ಒಗಟು ಬಿಡಿಸಿದವನು ಆ ಚಿತ್ರ ತಿದ್ದಲಿ, ಒಂದು ಊರನ್ನೇ ಉಂಬಳಿಯಾಗಿ ಪಡೆಯಲಿ. ತಪ್ಪಿದವನಿಗೆ ತಲೆದಂಡ!" ಎಂದು ಡಂಗುರ ಸಾರಿದರು.

ದೊರೆ ಮಾರಭೂಪನ ಒಬ್ಬನೇ ಮಗ ಯುದ್ಧದಲ್ಲಿ ಮಡಿದಿದ್ದ. ರಾಣಿ ಪದ್ಮಲೆ ಅದನ್ನು ನಂಬಿರಲಿಲ್ಲ, ತರ್ಪಣಕ್ಕೂ ಒಪ್ಪಿರಲಿಲ್ಲ. ರಾಣಿವಾಸದ ಪದ್ಧತಿಯಂತೆ ಸಭೆಯ ಕೊನೆಯಲ್ಲಿ, ಜಾಲಂದ್ರದ ಕಿಂಡಿಗಳ ಹಿಂದೆ ಕೂರುವಳು. ಚಿತ್ರ ಎತ್ತಿ ತೋರಿಸಿದಾಗಲೆಲ್ಲ, "ಇದು ಯಾರು?" ಎನ್ನುವಳು. ಚಿತ್ರಕಾರರು ಇನ್ನಷ್ಟು ಚಿನ್ನ ಬಳಿಯುವರು. ದೊರೆಗೆ ದುಃಖವೇ ಒಗಟಾಗಿ ಗಂಟುಬಿದ್ದಿತ್ತು.

ಮೊದಲ ದಿನ ಚಿತ್ರಕಾರ ಕೇತೋಜ ಬಂದ.

"ಕೂಡಿಸುತ್ತ ಹೋದಷ್ಟೂ ನನ್ನ ಮಗ ಕಡಿಮೆಯಾಗುತ್ತಾನೆ. ಏನು ಕೂಡಿಸುತ್ತಿದ್ದೀರಿ?" ಎಂದು ದೊರೆ ಕೇಳಿದ.

"ಕಣ್ಣೀರು, ಪ್ರಭು."

ಸಂಜೆಗೆ ಅವನ ತಲೆ ಹೋಯಿತು. ಮರುದಿನ ಅದೇ ಒಗಟಿಗೆ ಇನ್ನೊಬ್ಬ ಚಿತ್ರಕಾರ ಬಮ್ಮೋಜ, "ದಿನಗಳು" ಎಂದ. ಅವನನ್ನು ಕಂಬಕ್ಕೆ ಕಟ್ಟಿದರು. ಹೊತ್ತು ಮುಳುಗುವ ತನಕ ಅವನ ಆಯುಸ್ಸು.

ಆಗ ಅವನ ಬಣ್ಣ ಅರೆಯುವ ಆಳು ಮಾಚ ಮುಂದೆ ಬಂದ.

"ಹೋಗೋ ಮಂಕೇ! ಕುಂಚ ಹಿಡಿಯೋಕೆ ಬಾರದವನು ಕತ್ತು ಕೊಡೋಕೆ ಬಂದ್ಯಾ?" ಎಂದು ಬಮ್ಮೋಜ ಕೂಗಿದ.

"ನಿಮ್ಮ ಅನ್ನ ತಿಂದಿದ್ದೀನಿ, ಒಡೆಯಾ." ಮಾಚ ಮನೆದೇವರನ್ನು ನೆನೆದು ದೊರೆಗೆ ಕೈಮುಗಿದ. "ಕೂಡಿಸಿದ್ದು ಒಡವೆ, ಬುದ್ಧೀ. ಕಿರೀಟ, ಹಾರ, ಆನೆ, ಕುದುರೆ ಎಲ್ಲ ಸೇರಿ ಮುಖ ಬೆರಳಗಲ ಆಗಿದೆ."

ದೊರೆ ತಲೆದೂಗಿ ಎರಡನೆಯದನ್ನು ಕೇಳಿದ: "ಹತ್ತಿರದವನಿಗೆ ತುಂಬಿದ್ದು, ದೂರದವಳಿಗೆ ಬರಿದು. ಯಾವುದು?"

"ಕೂದಲೆಳೆಯ ಗೆರೆ. ತಾಯಿ ಕೂತಲ್ಲಿಗೆ ಅದು ಮುಟ್ಟೋದಿಲ್ಲ."

"ಮೂರನೆಯದು: ಮುಖ ಬೆಳ್ಳಗಿದೆ, ಆದರೂ ಕಾಣದು. ಬೆಳಕನ್ನು ತೋರಿಸುವ ದೀಪ ಯಾವುದು?"

"ಕಾಡಿಗೆ, ಬುದ್ಧೀ. ಬಿಳಿ ಗೋಡೆ ಮುಂದೆ ಬಿಳಿ ಮುಖ ಬರೆದಿದ್ದಾರೆ. ಬೆನ್ನಿಗೆ ಕಪ್ಪು ಬೇಕು."

"ಇದನ್ನೆಲ್ಲಿ ಕಲಿತೆ?"

"ಅವರು ಪಟವನ್ನು ತೊಡೆ ಮೇಲಿಟ್ಟು ಬರೀತಾರೆ. ನಾನು ಅಂಗಳದಾಚೆ ಕೂತು ಬಣ್ಣ ಅರೀತೀನಿ. ಹನ್ನೆರಡು ವರ್ಷ ದೂರದಿಂದಲೇ ನೋಡಿದ್ದೀನಿ. ನಮ್ಮೊಡೆಯರ ಕಟ್ಟು ಬಿಚ್ಚಿಸಿ. ಕೈ ಅವರದು, ಕಣ್ಣು ನನ್ನದು."

ಕಟ್ಟು ಬಿಚ್ಚಿದರು. ಮಾಚ ಜಾಲಂದ್ರದ ಬಳಿ ನಿಂತ. "ಆನೆ ಅಳಿಸಿ. ಹಾರ ಬೇಡ. ಮುಖ ದೊಡ್ಡದಾಗಲಿ. ಹುಬ್ಬು ದಪ್ಪ ಮಾಡಿ. ಇನ್ನೂ ಕಪ್ಪು, ಒಡೆಯಾ, ಇನ್ನೂ." ಬಮ್ಮೋಜ ತಿದ್ದಿ ಪಟ ಎತ್ತಿದ.

ಜಾಲಂದ್ರದ ಹಿಂದೆ ಬಳೆ ಸದ್ದಾಯಿತು. "ಬಂದ್ಯಾ, ಮಗಾ?" ಎಂದಳು ರಾಣಿ. ಆಮೇಲೆ, "ಪುರೋಹಿತರನ್ನು ಕರೆಯಿರಿ. ಎಳ್ಳುನೀರು ಬಿಡಲಿ" ಎಂದಳು.

ಬಮ್ಮೋಜನ ತಲೆ ಉಳಿಯಿತು. ಮಾಚನಿಗೆ ಊರು ಸಿಕ್ಕಿತು. ಅವನು ಅಂದೇ ಅದರಲ್ಲಿ ಅರ್ಧದ ಸನ್ನದು ಪತ್ರ ಹಿಡಿದು ಕೇತೋಜನ ಮನೆಗೆ ಹೋದ. ಕೇತೋಜನ ಹೆಂಡತಿ ಅದನ್ನು ಮುಟ್ಟಲಿಲ್ಲ.

"ಉತ್ತರ ನಿನಗೆ ನಿನ್ನೆಯೂ ಗೊತ್ತಿತ್ತಲ್ಲಪ್ಪಾ?" ಎಂದು ಕೇಳಿದಳು.

ಮಾಚ ತಲೆ ತಗ್ಗಿಸಿ ಹೊಸಿಲಾಚೆಯೇ ನಿಂತ.